ಒಂದನೆಯ ದಿಮ್ಮಿ

ಗುರೋ ಇನ್ನೂ ಸಣ್ಣವಳಿದ್ದಾಗ ಅವಳ ಅಣ್ಣ ಟಾರಾಲ್ಡ್ ಅವಳಿಗೊಂದು ಮಾತು ಕೊಟ್ಟಿದ್ದ. ಅವತ್ತಿಗೆ ತಾಯಿಯನ್ನು ಮಣ್ಣು ಮಾಡಿ ವಾರವೂ ಕಳೆದಿರಲಿಲ್ಲ. ಅಪ್ಪ ಅದಕ್ಕೂ ಮೊದಲೇ ಕಾಡ್ ಮೀನಿನ ಹಂಗಾಮಿಗೆ ಹೋದವನು ಕಡಲ ಪಾಲಾಗಿದ್ದ. ಅವರಿದ್ದ ಗುಡಿಸಲು ಹೆಮ್ಮಿಂಗ್ ಒಡೆಯರ ಜಮೀನಿನದು. ಒಕ್ಕಲಿನವರ ಕೈ ದುಡಿಯುವ ತನಕ ವಾಸ, ಕೈ ನಿಂತರೆ ವಾಸವೂ ನಿಂತಂತೆ. ಒಡೆಯರ ಆಳುಗಳು ಬಂದು ಗುಡಿಸಲಿನ ಗೋಡೆಯ ದಿಮ್ಮಿಗಳನ್ನು ಒಂದೊಂದಾಗಿ ಕಳಚಿ, ಕುರಿ ಕೊಟ್ಟಿಗೆಗೆ ಆಗುತ್ತದೆಂದು ಹೊತ್ತುಕೊಂಡು ಹೋದರು. ಮಧ್ಯಾಹ್ನದ ಹೊತ್ತಿಗೆ ಅಲ್ಲಿ ಉಳಿದದ್ದು ಒಲೆಯ ಕಲ್ಲು ಮಾತ್ರ.

ಗುರೋ ದೊಡ್ಡ ಮನೆಯ ಅಡುಗೆಕೋಣೆಯ ಹೊಸ್ತಿಲಲ್ಲಿ ಬಟ್ಟೆಯ ಗಂಟು ತಬ್ಬಿಕೊಂಡು ನಿಂತಿದ್ದಳು. ಅಲ್ಲಿ ಅವಳಿಗೆ ಕೆಲಸ, ಊಟ, ಮಲಗಲು ಒಲೆಯ ಪಕ್ಕದ ಬೆಂಚು. ಅಣ್ಣನಿಗೆ ಅಷ್ಟೂ ಇರಲಿಲ್ಲ. ಅವನು ಮೀಸೆ ಮೂಡುವ ವಯಸ್ಸಿನವನು, ಅಪ್ಪನ ಕೊಡಲಿಯನ್ನು ಗೋಣಿಯಲ್ಲಿ ಸುತ್ತಿ ಹೆಗಲಿಗೆ ಹಾಕಿಕೊಂಡಿದ್ದ.

"ಅಳಬೇಡ," ಅಂದ. "ನಿನ್ನ ತಲೆ ಮೇಲೆ ನಾನು ಸೂರು ಹಾಕ್ತೇನೆ. ನಿನ್ನದೇ ಸೂರು. ಇನ್ನೊಬ್ಬರ ಅಡುಗೆಮನೆ ಬೆಂಚಿನ ಮೇಲೆ ನೀನು ಮುದುಕಿ ಆಗ್ಲಿಕ್ಕೆ ನಾನು ಬಿಡುದಿಲ್ಲ."

ಹೇಳಿ, ಗುಡ್ಡದ ದಾರಿ ಹಿಡಿದು ಹೊರಟುಹೋದ.

ಆಮೇಲೆ ಅವನು ಬಾರದೆ ಇರಲಿಲ್ಲ. ಬರುತ್ತಿದ್ದ, ಹೋಗುತ್ತಿದ್ದ. ಒಂದು ಸಲ ಕೆಂಪು ತಲೆವಸ್ತ್ರ ತಂದ. ಇನ್ನೊಂದು ಸಲ ನಡೆಯದ ಗೋಡೆ ಗಡಿಯಾರ ತಂದು, "ಇದು ನಿನ್ನ ಮನೆಗೆ. ಮನೆ ಹಿಂದಿಂದ ಬರ್ತಾ ಉಂಟು" ಅಂದ. ಬಂದಾಗಲೆಲ್ಲ ಬರುವ ಬೇಸಿಗೆಯ ಮಾತು ಆಡುತ್ತಿದ್ದ. ಅಷ್ಟರಲ್ಲಿ ಯಾವುದಾದರೂ ದೋಣಿಗೆ ಆಳು ಬೇಕೆಂದು ಸುದ್ದಿ ಬರುತ್ತಿತ್ತು, ಇಲ್ಲವೇ ಬೆಟ್ಟದಾಚೆ ಎಲ್ಲೋ ಕೆಲಸ ಇದೆಯೆಂದು ಯಾರೋ ಹೇಳುತ್ತಿದ್ದರು. ಬೆಳಿಗ್ಗೆ ಗುರೋ ಹಾಲು ಕರೆದು ಬರುವಷ್ಟರಲ್ಲಿ ಅವನು ಮಲಗಿದ್ದ ಹುಲ್ಲಟ್ಟ ಖಾಲಿಯಾಗಿರುತ್ತಿತ್ತು. ಗುರೋ ನಲವತ್ತರ ಹತ್ತಿರ ಬಂದಳು. ಬೆಂಚು ಅದೇ ಇತ್ತು, ಅವಳ ಮೈಯ ಅಳತೆಗೆ ನಡುವೆ ಸವೆದು ತಗ್ಗಾಗಿತ್ತು.

ಊರು ಮಾತ್ರ ಮೊದಲಿನಂತೆ ಉಳಿಯಲಿಲ್ಲ. ಕೊಲ್ಲಿಯೊಳಗೆ ಉಗಿಹಡಗು ಬರತೊಡಗಿತು. ಬಂದದ್ದು ಬರಿಗೈಯಲ್ಲಿ ಹೋಗಲಿಲ್ಲ. ಪ್ರತಿ ವಸಂತದಲ್ಲೂ ಒಂದೆರಡು ಮನೆಯವರನ್ನು ಅಮೆರಿಕದ ದಾರಿಗೆ ಹತ್ತಿಸಿಕೊಂಡು ಹೋಯಿತು. ಒಕ್ಕಲಾಗಿ ದುಡಿಯುವವರು ಸಿಗದೆ ಒಡೆಯರು ಮೆತ್ತಗಾದರು. ಉಳಿದವರು ಒಬ್ಬೊಬ್ಬರೇ ಕೇಳಿ, ತಾವು ಗೇಯ್ದ ತುಂಡುಭೂಮಿಯನ್ನು ತಮ್ಮದು ಮಾಡಿಕೊಂಡರು. ಅದನ್ನೆಲ್ಲ ನೋಡಿನೋಡಿ ಒಂದು ಭಾನುವಾರ ಗುರೋಗೂ ಧೈರ್ಯ ಬಂತು. ಚರ್ಚಿನಿಂದ ಬಂದು ದೋಣಿ ಇಳಿಯುವ ಜಾಗದಲ್ಲೇ, ಎಲ್ಲರೆದುರು ಹೆಮ್ಮಿಂಗ್ ಒಡೆಯರನ್ನು ತಡೆದು ನಿಲ್ಲಿಸಿದಳು.

"ಒಡೆಯರೇ, ನನಗೆ ಸೆಲ್ನೆಸ್ ಬೇಕು."

ಸೆಲ್ನೆಸ್ ಎಂದರೆ ಕೊಲ್ಲಿಯ ಬಾಯಲ್ಲಿ ಕಡಲಿಗೆ ಚಾಚಿಕೊಂಡ ನೆಲದ ಮೂತಿ. ಬಂಡೆ, ಜೌಗು, ನಡುವೆ ಕುರಿ ಮೇಯುವಷ್ಟು ಹುಲ್ಲು.

"ಅಲ್ಲಿ ಎಂತ ಮಾಡ್ತಿ? ಸೀಲುಗಳ ಹಾಲು ಕರೀತಿಯಾ?" ಎಂದರು ಒಡೆಯರು. ನಿಂತವರೆಲ್ಲ ನಕ್ಕರು.

"ಬಟಾಟೆ ಹಾಕ್ತೇನೆ. ಎರಡು ಮೇಕೆ ಸಾಕ್ತೇನೆ. ಇಷ್ಟು ವರ್ಷ ನಿಮ್ಮಲ್ಲಿ ದುಡಿದದ್ದಕ್ಕೆ ನಾನು ಬೇರೆ ಎಂತದೂ ಕೇಳಿದವಳಲ್ಲ."

ಒಡೆಯರು ಗಡ್ಡ ಕೆರೆದುಕೊಂಡರು. ಅದೇ ಜಾಗವನ್ನು ಪೇಟೆಯ ವ್ಯಾಪಾರಿಯೊಬ್ಬ ಹೆರಿಂಗ್ ಮೀನಿಗೆ ಉಪ್ಪು ಹಾಕುವ ಕೊಟ್ಟಿಗೆ ಕಟ್ಟಲು ಕೇಳಿದ್ದನೆಂಬುದು ಎಲ್ಲರಿಗೂ ಗೊತ್ತಿತ್ತು. ಆದರೆ ಊರೆಲ್ಲ ಕಿವಿಗೊಟ್ಟು ನಿಂತಿರುವಾಗ ಹುಡುಗಿಯಾಗಿದ್ದಾಗಿನಿಂದ ಮನೆಯಲ್ಲಿ ದುಡಿದವಳಿಗೆ ಇಲ್ಲ ಎನ್ನುವುದು ಹೇಗೆ?

"ಆಯ್ತು. ಪಂಚಾಂಗದ ಕೋಲು ಮಗುಚುವುದರೊಳಗೆ ಅಲ್ಲಿ ನಿನ್ನ ಮಾಡಿನಿಂದ ಹೊಗೆ ಏಳ್ಬೇಕು. ಎದ್ದರೆ ಸೆಲ್ನೆಸ್ ನಿನ್ನದು. ಇಲ್ಲದಿದ್ರೆ ಆ ವ್ಯಾಪಾರಿದು. ಸಮ್ಮತವಾ?"

ಅಲ್ಲಿ ಮನೆಮನೆಯಲ್ಲೂ ಗೋಡೆಗೆ ತೂಗುಹಾಕಿದ ಒಂದು ಮರದ ಕೋಲು. ಒಂದು ಮುಖದಲ್ಲಿ ಬೇಸಿಗೆಯ ದಿನಗಳ ಗುರುತು, ಇನ್ನೊಂದರಲ್ಲಿ ಚಳಿಗಾಲದ್ದು. ಅಕ್ಟೋಬರ್ ನಡುವೆ ಅದನ್ನು ಚಳಿಗಾಲದ ಮುಖಕ್ಕೆ ಮಗುಚಿಡುತ್ತಾರೆ.

"ಸಮ್ಮತ," ಎಂದಳು ಗುರೋ. ಮನೆ ಎಲ್ಲಿಂದ ಬರುತ್ತದೆಂದು ಅವಳಿಗೇ ಗೊತ್ತಿರಲಿಲ್ಲ.

ಬಟಾಟೆ ನೆಡುವ ಹೊತ್ತಿಗೆ ಟಾರಾಲ್ಡ್ ಬಂದ. ಗುಡ್ಡ ಇಳಿದು, ಗದ್ದೆಯ ಅಂಚಿನಲ್ಲಿ ಕೊಡಲಿ ಊರಿ ನಿಂತ. ಗಡ್ಡ ಅರ್ಧ ಬೆಳ್ಳಗಾಗಿತ್ತು.

ಗುರೋ ಬೆನ್ನು ನೇರ ಮಾಡದೆ ಕೇಳಿದಳು, "ಬಂದೆಯಾ ಮಾರಾಯ? ಈ ಸಲ ಎಂತ ತಂದಿ? ಬೀಗದ ಕೈಯಾ? ಬಾಗಿಲು ಹಿಂದಿಂದ ಬರ್ತದಾ?"

"ಕೈ ಬೀಸಿಕೊಂಡು ಬಂದೆ."

"ಅದೊಂದನ್ನಾದ್ರೂ ನಿಜ ಹೇಳಿದಿ."

ಅವನು ನಕ್ಕು, ಬಗ್ಗಿ, ಅವಳ ಬುಟ್ಟಿಯಿಂದ ಬೀಜದ ಬಟಾಟೆ ತೆಗೆದು ಸಾಲಿಗೆ ಹಾಕತೊಡಗಿದ. ಸೆಲ್ನೆಸ್‌ನ ಸಂಗತಿ ಕೇಳಿದ ಮೇಲೆ ಅವನ ನಗು ನಿಂತಿತು. ಸಾಲಿನ ಕೊನೆಗೆ ಬಂದಾಗ, "ಹಾಗಾದ್ರೆ ಈಗ ಬೇಕಾದ್ದು ಒಂದು ಮನೆ ಮಾತ್ರ" ಎಂದ.

"ಹೌದು. ಮನೆ ಮಾತ್ರ. ಅಂಗಡಿಗೆ ಹೋಗಿ ಕಟ್ಟಿಸಿಕೊಂಡು ಬರ್ತಿಯಾ?"

"ಫುಗ್ಲೊಯ್ ದ್ವೀಪದ ಪೇಡರ್ ಅಮೆರಿಕಕ್ಕೆ ಹೊರಟಿದ್ದಾನಂತೆ. ಬರುವ ದಾರಿಯಲ್ಲಿ ಕೇಳಿದೆ. ಅವನ ಮನೆ ಅಲ್ಲೇ ಉಳೀತದೆ. ಮತ್ತೆ ಅಲ್ಲಿರುವುದು ಬರೀ ಹಕ್ಕಿಗಳು. ಹಕ್ಕಿಗಳಿಗೆ ಮನೆ ಎಂತಕ್ಕೆ?"

ಪೇಡರನ ಮನೆಯವರಿಗೆ ಬೇಕಾಗಿದ್ದದ್ದು ಪೆಟ್ಟಿಗೆಗಳು. ಹಡಗು ಹತ್ತುವವರೆಲ್ಲರಿಗೂ ಒಂದೊಂದು ದೊಡ್ಡ ಪೆಟ್ಟಿಗೆ ಬೇಕು, ಮೂಲೆಗೆ ಕಬ್ಬಿಣದ ಪಟ್ಟಿ, ಮೇಲೆ ಹೆಸರು. ಬೇಸಿಗೆಯ ಅರ್ಧ ಟಾರಾಲ್ಡ್ ಆ ದ್ವೀಪದಲ್ಲಿ ಕೂತು ಪೆಟ್ಟಿಗೆ ಮಾಡಿದ. ಅದಕ್ಕೆ ಬದಲಾಗಿ ಮನೆ. ಪೇಡರನ ಹೆಂಡತಿ ಹೊರಡುವ ದಿನ ಗೋಡೆಯನ್ನು ಅಂಗೈಯಲ್ಲಿ ಸವರಿ, "ಇದು ನಮ್ಮಜ್ಜ ಕಡಲಲ್ಲಿ ತೇಲಿ ಬಂದ ಮರದಿಂದ ಕಟ್ಟಿದ್ದು. ಇನ್ನೂ ಒಂದು ಸಲ ತೇಲಿಸಿಕೊಂಡು ಹೋಗಿ" ಎಂದು ಬೀಳ್ಕೊಡಲು ಬಂದಿದ್ದ ಗುರೋಗೆ ಹೇಳಿದಳು. ಅವಳು ದೋಣಿ ಹತ್ತಿದ ಮೇಲೆ ಒಮ್ಮೆಯೂ ತಿರುಗಿ ನೋಡಲಿಲ್ಲ.

ಒಡತಿ ಬೆರೆಟಮ್ಮ ಹುಲ್ಲು ಕೊಯ್ಲು ಮುಗಿದ ಮೇಲೆ ಗುರೋಗೆ ಬಿಡುವು ಕೊಟ್ಟರು. ಅಣ್ಣತಂಗಿ ಸೇರಿ ಮನೆ ಕಳಚಿದರು. ಮೊದಲು ಮಾಡಿನ ಹುಲ್ಲುಹೆಂಟೆ, ಅದರಡಿಯ ಭೂರ್ಜ ಮರದ ತೊಗಟೆ, ಆಮೇಲೆ ತೊಲೆ, ಆಮೇಲೆ ಗೋಡೆ. ಮೂಲೆಗಳಲ್ಲಿ ದಿಮ್ಮಿಗಳು ತುದಿಗೆ ಕೊರೆದ ಕಚ್ಚುಗಳಲ್ಲಿ ಒಂದಕ್ಕೊಂದು ಸೇರಿ ಕೂತಿದ್ದವು. ಒಂದು ಮೊಳೆಯೂ ಇರಲಿಲ್ಲ. ಟಾರಾಲ್ಡ್ ಮೇಲೆ ಕೂತು ಸಡಿಲಿಸಿ, ಪ್ರತಿ ದಿಮ್ಮಿಯ ತುದಿಗೂ ಚೂರಿಯಿಂದ ಒಂದು, ಎರಡು ಎಂದು ಎಣಿಸಿ ಗೀಟು ಹಾಕಿ ಕೆಳಗೆ ಬಿಡುತ್ತಿದ್ದ. ಗುರೋ ದಿಮ್ಮಿಗಳ ನಡುವಿನ ಒಣಗಿದ ಪಾಚಿಯನ್ನು ಚೀಲಕ್ಕೆ ತುಂಬುತ್ತಿದ್ದಳು. ಅಣ್ಣನ ಕೈ ಎಲ್ಲೂ ತಡವರಿಸಲಿಲ್ಲ. ಯಾವ ದಿಮ್ಮಿ ಎಲ್ಲಿ ಅಂಟಿಕೊಂಡಿದೆ, ಎಲ್ಲಿ ತಟ್ಟಿದರೆ ಬಿಡುತ್ತದೆ ಎಂಬುದು ಅವನಿಗೆ ಮುಟ್ಟಿದರೆ ತಿಳಿಯುತ್ತಿತ್ತು.

"ಎಲ್ಲಿ ಕಲ್ತಿ ಇದನ್ನು?"

"ಇಷ್ಟು ವರ್ಷ ಮಾಡಿದ್ದೇ ಇದು. ಜನ ಹಡಗು ಹತ್ತಿ ಹೋಗ್ತಾರೆ, ಪೇಟೆಯವರು ಖಾಲಿ ಮನೆ ಕೊಳ್ತಾರೆ, ನಾನು ಕಳಚಿ ದೋಣಿಗೆ ಹಾಕ್ತೇನೆ. ಈ ಕರಾವಳಿಯಲ್ಲಿ ನಾನು ಮನೆ ಕಳಚದ ಕೊಲ್ಲಿ ಇಲ್ಲ."

ದಿಮ್ಮಿಗಳನ್ನು ತೆಪ್ಪದಂತೆ ಹಗ್ಗದಲ್ಲಿ ಬಿಗಿದು ದೋಣಿಯ ಹಿಂದೆ ಎಳೆದು ತಂದರು. ಗಾಳಿ ಒಲಿದಾಗ ಹಾಯಿ, ಒಲಿಯದಾಗ ಹುಟ್ಟು. ಸೆಪ್ಟೆಂಬರ್ ಪೂರ್ತಿ ಅದರಲ್ಲೇ ಹೋಯಿತು. ಕೊನೆಯ ತೆಪ್ಪವೊಂದು ದ್ವೀಪದಲ್ಲಿ ಉಳಿದಿರುವಾಗ ಗುರೋ ನೆರೆಯವರನ್ನೆಲ್ಲ ಮುಯ್ಯಾಳಿಗೆ ಕರೆದಳು. ಮನೆ ಎತ್ತುವ ದಿನ ಕರೆದರೆ ಬರದೆ ಇರುವ ರೂಢಿ ಅಲ್ಲಿಲ್ಲ. ಕೂಲಿಯಿಲ್ಲ, ಹೊಟ್ಟೆ ತುಂಬ ಊಟ, ಮಾಡಿನ ನಡುತೊಲೆ ಏರಿದಾಗ ಒಂದು ಗುಟುಕು ಸಾರಾಯಿ. ಅವಳು ಬೆರೆಟಮ್ಮನ ದೊಡ್ಡ ಪಾತ್ರೆ ಕಡ ತಂದು, ಬಂಡೆಯ ಮರೆಯಲ್ಲಿ ಕಲ್ಲು ಹೂಡಿ, ಹುಳಿಕೆನೆಯ ಗಂಜಿ ಕಾಯಿಸಲು ಕೂತಳು.

ಆಳುಗಳಿಗೆ ಮುಂದಾಳು ಐಲರ್ಟ್. ಊರ ಗಂಡಸರೆಲ್ಲ ಸೇರಿ ಬಿಟ್ಟು ಎಳೆಯುವ ದೊಡ್ಡ ರಂಪಣಿ ಬಲೆಯ ಯಜಮಾನ; ಕಡಲಲ್ಲಿ ಕೇಳುವಂತೆ ನೆಲದಲ್ಲೂ ತನ್ನ ಮಾತನ್ನು ಎಲ್ಲರೂ ಕೇಳಬೇಕು ಎನ್ನುವ ಜಾತಿಯವನು. ಬೆಳಿಗ್ಗೆ ಬಂದವನೇ ಸುತ್ತ ನೋಡಿದ.

"ಎಲ್ಲಿ ನಿನ್ನ ಅಣ್ಣ? ಓಡಿದನಾ?"

"ಕೊನೆ ತೆಪ್ಪ ತರ್ಲಿಕ್ಕೆ ಹೋಗಿದ್ದಾನೆ. ಎದುರು ಗಾಳಿ, ತಡ ಆಗಿರ್ಬೇಕು."

"ಗಾಳಿ ಅವನಿಗೆ ಯಾವಾಗಲೂ ಎದುರೇ. ಕಾಯ್ತಾ ಕೂತರೆ ಹಿಮ ಬೀಳ್ತದೆ. ಗೀಟು ಹಾಕಿದ್ದಾನಲ್ಲ, ಸಾಕು. ಎಲ್ಲಿಂದ ಶುರು?"

ಗುರೋ ಗಂಜಿ ತಳ ಹಿಡಿಯದಂತೆ ತಿರುವುತ್ತಿದ್ದಳು. ತಲೆ ಎತ್ತದೆ, "ಒಂದರಿಂದ ಐಲರ್ಟಣ್ಣ. ಮತ್ತೆಲ್ಲಿಂದ?" ಅಂದಳು.

ಒಂದು ಗೀಟಿನ ದಿಮ್ಮಿಗಳನ್ನು ಆರಿಸಿ ಅಡಿಗಲ್ಲಿನ ಮೇಲೆ ಇಟ್ಟರು. ಅದರ ಮೇಲೆ ಎರಡು ಗೀಟಿನವು. ತಳದ ದಿಮ್ಮಿ ಇಷ್ಟು ಸಪೂರವಾ ಎಂದು ಒಬ್ಬ ಮುದುಕ ಗೊಣಗಿದ. "ತೇಲಿ ಬಂದ ಮರ ಮಾರಾಯ, ಸಿಕ್ಕಿದ್ದನ್ನು ಕಟ್ಟಿದ್ದಾರೆ" ಎಂದು ಐಲರ್ಟ್ ಬಾಯಿ ಮುಚ್ಚಿಸಿದ. ಅದು ಸುಳ್ಳೂ ಅಲ್ಲ. ಆ ಮನೆಯ ಒಂದು ದಿಮ್ಮಿ ಇನ್ನೊಂದರಂತಿರಲಿಲ್ಲ. ಕಚ್ಚುಗಳು ಸರಿಯಾಗಿ ಕೂರದಾಗ ಕೊಡಲಿಯಿಂದ ಸ್ವಲ್ಪ ಸ್ವಲ್ಪ ಕೆತ್ತಿ ಕೂರಿಸಿದರು. ಮೂಲೆಗೊಬ್ಬ ನಿಂತು ಪಂಥ ಕಟ್ಟಿದಂತೆ ಏರಿಸುತ್ತ ಹೋದರು. ಊಟದ ಹೊತ್ತಿಗೆ ಗೋಡೆ ಸೊಂಟಕ್ಕೆ ಬಂದಿತ್ತು. ಗುರೋ ಬಟ್ಟಲಿಗೆ ಗಂಜಿ ಬಡಿಸುತ್ತ, ಕಣ್ಣಂಚಿನಲ್ಲಿ ಆ ಗೋಡೆಯನ್ನು ನೋಡಿ ನೋಡಿ ತುಂಬಿಕೊಂಡಳು.

ಆಗಲೇ ಟಾರಾಲ್ಡ್ ದಡ ಸೇರಿದ. ತೆಪ್ಪ ಕಟ್ಟಿ ಮೇಲೆ ಬಂದವನು, ಗೋಡೆಯ ಮುಂದೆ ನಿಂತು, ಟೊಪ್ಪಿ ತೆಗೆದ.

"ಐಲರ್ಟ್, ನೀನು ಮನೆಯನ್ನು ಅಡಿಮೇಲು ನಿಲ್ಲಿಸಿದ್ದಿ."

"ಎಂತ?"

"ಇದು ಮಾಡಿನ ಕೆಳಗೆ ಬರುವ ದಿಮ್ಮಿ. ನೀನದನ್ನು ನೆಲಕ್ಕೆ ಹಾಕಿದ್ದಿ. ತಳದ ದಿಮ್ಮಿ ಇಗೋ, ಈ ತೆಪ್ಪದಲ್ಲಿ ಉಂಟು."

"ಒಂದು ಅಂತ ನೀನೇ ಗೀಟು ಹಾಕಿದ್ದು! ಒಂದು ಅಂದ್ರೆ ಬುಡದ್ದು ಅಲ್ವಾ? ಮನೆ ನೆಲದಿಂದ ಮೇಲೆ ಹೋಗ್ತದಾ, ಇಲ್ಲ ಆಕಾಶದಿಂದ ಕೆಳಗೆ ಇಳೀತದಾ?"

ಗುರೋ ಸೌಟು ಹಿಡಿದೇ ನಡುವೆ ಬಂದಳು. "ನಾನೇ ಹೇಳಿದ್ದು ಒಂದರಿಂದ ಅಂತ. ಯಾರಾದ್ರೂ ಹಾಗೇ ಹೇಳ್ತಾರಲ್ಲ ಅಣ್ಣ?"

ಟಾರಾಲ್ಡ್ ದಿಮ್ಮಿಯ ತುದಿಯ ಗೀಟನ್ನು ಹೆಬ್ಬೆರಳಿನಿಂದ ಉಜ್ಜಿದ. "ಯಾರಾದ್ರೂ ಹೇಳ್ತಾರೆ. ನಾನು ಮಾತ್ರ ಹೇಳುದಿಲ್ಲ," ಎಂದ ಮೆಲ್ಲಗೆ. "ನನ್ನ ಕೈಗೆ ಮೊದಲು ಸಿಗುವುದು ಯಾವಾಗಲೂ ಮೇಲಿನದೇ. ಕಳಚಿದ್ದು ಬಿಟ್ಟು, ಎತ್ತಿ ನಿಲ್ಲಿಸಿದ್ದು ಒಂದೂ ಇಲ್ಲ ನನ್ನ ಲೆಕ್ಕದಲ್ಲಿ."

ಯಾರೂ ನಗಲಿಲ್ಲ. ಐಲರ್ಟ್ ಬೈಯಲು ಬಾಯಿ ತೆರೆದಿದ್ದ. ಅಷ್ಟರಲ್ಲಿ ಕೊಲ್ಲಿಯ ಬಾಯಲ್ಲಿ ಹಕ್ಕಿಗಳ ಕೂಗು ಎದ್ದಿತು. ನೋಡಿದರೆ ನೀರಿನ ಮೇಲೆ ಕಡಲಹಕ್ಕಿಗಳ ಮೋಡ. ಅದರಡಿಯಲ್ಲಿ ತಿಮಿಂಗಿಲವೊಂದು ಉಸಿರು ಚಿಮ್ಮಿಸಿತು.

"ಹೆರಿಂಗ್!" ಎಂದು ಯಾರೋ ಕೂಗಿದರು.

ಮುಂದಿನದಕ್ಕೆ ಹೊತ್ತೇ ಹಿಡಿಯಲಿಲ್ಲ. ಬಟ್ಟಲುಗಳು ಬಂಡೆಯ ಮೇಲೆ ಉಳಿದವು, ಗಂಡಸರು ದೋಣಿಗಳತ್ತ ಓಡಿದರು. ವರ್ಷದ ಅನ್ನ ಕೊಲ್ಲಿಯೊಳಗೆ ಬಂದಿರುವಾಗ ಯಾವ ಮನೆ, ಯಾರ ಗೋಡೆ? ಅದನ್ನು ಗುರೋ ತಪ್ಪೆಂದು ಎಣಿಸಲೂ ಇಲ್ಲ. ಆದರೆ ಐಲರ್ಟ್ ದೋಣಿಯ ಮೂತಿಯಲ್ಲಿ ನಿಂತು, "ಟಾರಾಲ್ಡ್! ರಂಪಣಿಗೆ ಒಂದು ಆಳು ಕಮ್ಮಿ! ಬರ್ತಿಯಾ?" ಎಂದು ಕೂಗಿದಾಗ ಅವಳು ಸೌಟನ್ನು ಪಾತ್ರೆಗೆ ಹಾಕಿ ಅಣ್ಣನ ಕಡೆ ತಿರುಗಿದಳು.

ಟಾರಾಲ್ಡ್ ಕಡಲನ್ನು ನೋಡಿದ, ಗೋಡೆಯನ್ನು ನೋಡಿದ, ಅವಳನ್ನು ನೋಡಿದ.

"ಗುರೋ, ನಾನು..."

"ಹೋಗು," ಎಂದಳು. "ನಿನ್ನ ಕಾಲು ನನಗೆ ಗೊತ್ತಿಲ್ವಾ? ಆಗಲೇ ಅರ್ಧ ದಾರಿ ಹೋಗಿ ಆಯ್ತು ಅದು."

"ಕೇಳು ಇಲ್ಲಿ..."

"ಹೋಗು ಅಂದೆನಲ್ಲ!"

ಅವನು ಓಡಿದ. ಮೊಣಕಾಲು ನೀರಿನಲ್ಲಿ ದೋಣಿ ಹಿಡಿದು ಹತ್ತಿಕೊಂಡ. ಹುಟ್ಟುಗಳು ಒಟ್ಟಿಗೆ ಬಿದ್ದವು.

ಗುರೋ ಬಟ್ಟಲುಗಳನ್ನೆಲ್ಲ ಕೂಡಿಸಿ, ಉಪ್ಪುನೀರಿನಲ್ಲಿ ತೊಳೆದು, ಕವುಚಿಟ್ಟಳು. ಉಳಿದ ಗಂಜಿಯನ್ನು ಮುಚ್ಚಿಟ್ಟಳು. ಆಮೇಲೆ ಗೋಡೆಯ ಹತ್ತಿರ ಹೋಗಿ, ಮೇಲಿನ ದಿಮ್ಮಿಯ ಒಂದು ತುದಿಗೆ ಹಾರೆ ಕೊಟ್ಟು ಎತ್ತಿದಳು. ಅದು ಗಡಗಡ ಸದ್ದು ಮಾಡಿ ಸಡಿಲಾಗಿ, ಹೊರಗೆ ಉರುಳಿ ಬಿತ್ತು. ಇನ್ನೊಂದು ತುದಿಗೆ ಹೋದಳು. ಅಳು ಬರಬಹುದೆಂದು ಕಾದಳು, ಬರಲಿಲ್ಲ. ಕೈಗೆ ಕೆಲಸವಿತ್ತು.

ಮರುದಿನ ಬೆರೆಟಮ್ಮ ಕೋಲೂರಿಕೊಂಡು ಸೆಲ್ನೆಸ್‌ಗೆ ಬಂದರು. ವಯಸ್ಸಾಗಿತ್ತು, ಜೌಗು ದಾಟುವಾಗ ಲಂಗವೆಲ್ಲ ಕೆಸರಾಗಿತ್ತು. ಬಗಲಲ್ಲಿ ರೊಟ್ಟಿಯ ಗಂಟು. ಗುರೋ ಹೆಗಲಿಗೆ ಹಗ್ಗ ಹಾಕಿ ದಿಮ್ಮಿಯೊಂದನ್ನು ಎಳೆಯುತ್ತಿದ್ದಳು.

"ನಿನಗೆ ತಲೆ ಕೆಟ್ಟಿದಾ ಹುಡುಗಿ?" ಎಂದರು. ಅವರ ಬಾಯಲ್ಲಿ ಗುರೋ ಇನ್ನೂ ಹುಡುಗಿಯೇ.

"ಹೌದಮ್ಮ. ಕೂತ್ಕೊಳ್ಳಿ."

"ಊರ ಗಂಡಸರೆಲ್ಲ ಬಲೆ ಹತ್ತಿರ ಇದ್ದಾರೆ. ಒಬ್ಬಳೇ ಇದನ್ನು ಎತ್ತಲಿಕ್ಕೆ ಆಗ್ತದಾ? ಬಾ. ಬೆಂಚು ಖಾಲಿ ಉಂಟು. ಒಲೆ ಬೆಚ್ಚಗುಂಟು. ನಾನೇನು ನಿನ್ನನ್ನು ಹೊರಗೆ ಹಾಕಿದೆನಾ?"

ಗುರೋ ಹಗ್ಗ ಬಿಟ್ಟು, ಬೆವರು ಒರೆಸಿಕೊಂಡಳು. ಬೆರೆಟಮ್ಮನ ದನಿಯಲ್ಲಿ ಒಡತಿಯ ಗತ್ತು ಇರಲಿಲ್ಲ. ತನ್ನನ್ನು ಬೆಳಗಾಗೆದ್ದು ಕಾಣದೆ ಅವರಿಗೂ ಅಡುಗೆಮನೆ ಬಿಕೋ ಎನ್ನುತ್ತಿರಬೇಕು ಎನ್ನಿಸಿತು.

"ಬೆಚ್ಚಗೇ ಇತ್ತು ಅಮ್ಮ. ನೀವು ಒಂದು ದಿನ ಹಸಿವಲ್ಲಿ ಮಲಗಿಸಿದವರಲ್ಲ. ಆದ್ರೆ ನಾನು ಅಲ್ಲಿ ಎದ್ದು ಕೂತ್ರೆ ಬೇರೆಯವರಿಗೆ ದಾರಿ ಬಿಡ್ಬೇಕು. ಅದು ಬೆಂಚು. ಇಲ್ಲಿ ನಾನು ಕಾಲು ಚಾಚ್ತೇನೆ."

"ಎಲ್ಲಿ ಚಾಚ್ತಿ? ಈ ಮರದ ರಾಶಿ ಮೇಲಾ?"

"ಸದ್ಯಕ್ಕೆ ರಾಶಿ ಮೇಲೆ."

ಬೆರೆಟಮ್ಮ ರಾಶಿಯನ್ನೂ ಅವಳನ್ನೂ ನೋಡಿದರು. ಆಮೇಲೆ ಕೋಲು ಪಕ್ಕಕ್ಕಿಟ್ಟು, ಬಂಡೆಯ ಮೇಲೆ ಕೂತು, ಪಾಚಿಯ ಚೀಲವನ್ನು ಮಡಿಲಿಗೆ ಎಳೆದುಕೊಂಡು, ಅದರಲ್ಲಿದ್ದ ಕಡ್ಡಿ ಕಸ ಆರಿಸತೊಡಗಿದರು. "ಒಡೆಯರ ಹತ್ತಿರ ಹೇಳಬೇಡ," ಎಂದರು.

ಸಂಜೆಯೊಳಗೆ ಗುರೋ ದಿಮ್ಮಿಗಳನ್ನೆಲ್ಲ ಗೋಡೆಗೊಂದು ಸಾಲಿನಂತೆ ಹುಲ್ಲಿನ ಮೇಲೆ ಹರಡಿಟ್ಟಳು, ಗೀಟು ಹೆಚ್ಚಿರುವುದು ಅಡಿಗಲ್ಲಿನ ಹತ್ತಿರ, ಕಡಿಮೆ ಇರುವುದು ದೂರ. ತಳದ ದಪ್ಪ ದಿಮ್ಮಿಗಳನ್ನು ತೆಪ್ಪದಿಂದ ಬಿಚ್ಚಿ, ಉರುಳುಗಂಬದ ಮೇಲೆ ಹಾರೆಯಿಂದ ಮೀಟಿ ಮೀಟಿ ದಡಕ್ಕೆ ತಂದಳು. ಮೊದಲ ಸುತ್ತನ್ನು ಒಬ್ಬಳೇ ಅಡಿಗಲ್ಲಿನ ಮೇಲೆ ಕೂರಿಸಿದಳು. ಕಚ್ಚು ಕಚ್ಚಿಗೆ ಕೂತು, ಬಾಗಿಲು ಮುಚ್ಚಿದಂಥ ಸದ್ದು ಬಂತು. ಎರಡನೆಯ ಸುತ್ತಿನದನ್ನು ಎತ್ತಲು ನೋಡಿದಳು. ಒಂದು ತುದಿ ಎದ್ದರೆ ಇನ್ನೊಂದು ಜಾರಿತು. ಮತ್ತೆ ಎತ್ತಿದಳು, ಮತ್ತೆ ಜಾರಿತು. ಅಲ್ಲಿಗೆ ನಿಲ್ಲಬೇಕಾಯಿತು. ಕೋಲು ಮಗುಚಲು ಉಳಿದಿದ್ದ ದಿನಗಳು ಒಂದು ಕೈಯ ಬೆರಳಿಗೂ ಕಡಿಮೆ.

ಮಾರನೆಯ ಬೆಳಿಗ್ಗೆ ಅವಳು ಹಗ್ಗ ಹೆಗಲಿಗೇರಿಸುವಾಗ ಕೊಲ್ಲಿಯಿಂದ ಹಾಡು ಕೇಳಿಸಿತು. ಗಂಡಸರು ಹುಟ್ಟು ಹಾಕುತ್ತ ಹಾಡುವ ಪೋಲಿ ಹಾಡು. ದೋಣಿ ತುಂಬ ಜನ. ಮೂತಿಯಲ್ಲಿ ಟಾರಾಲ್ಡ್ ಕೂತಿದ್ದ, ಮೈಯೆಲ್ಲ ಮೀನಿನ ಹುರುಪೆ ಮಿಂಚುತ್ತಿತ್ತು. ಹಿಂದೆ ಐಲರ್ಟ್, ಅವನ ಹಿಂದೆ ರಂಪಣಿಯ ಆಳುಗಳು.

ಗುರೋ ಅಲ್ಲಾಡದೆ ನಿಂತಳು. "ಎಂತ, ಮೀನು ತಪ್ಪಿಸಿಕೊಂಡಿತಾ?"

"ತಪ್ಪುದುಂಟಾ?" ಎಂದ ಐಲರ್ಟ್. "ಇಡೀ ಕೊಲ್ಲಿಯ ಮೂಲೆ ಬಲೆ ಕಟ್ಟಿ ಮುಚ್ಚಿದ್ದೇವೆ. ಬೆಳ್ಳಿ ಕುದಿದ ಹಾಗೆ ಕುದೀತದೆ ಒಳಗೆ."

"ಮತ್ತೆ ಇಲ್ಲಿ ಎಂತ ಮಾಡ್ತಿ?"

"ಹೊಟ್ಟೆ ಖಾಲಿ ಆಗ್ಬೇಕಲ್ಲ!"

ಆಗ ಗುರೋಗೆ ಹೊಳೆಯಿತು. ಹುಟ್ಟಿದಾಗಿನಿಂದ ಕಂಡ ಸಂಗತಿ, ಸಿಟ್ಟಿನಲ್ಲಿ ಮರೆತೇಹೋಗಿತ್ತು. ಮೇವು ತಿಂದ ಹೆರಿಂಗನ್ನು ಹಾಗೇ ಹಿಡಿದು ಉಪ್ಪು ಹಾಕಿದರೆ ಹೊಟ್ಟೆ ಕೊಳೆತು ಒಡೆಯುತ್ತದೆ. ಅದಕ್ಕೇ ಬಲೆಯೊಳಗೆ ಕೂಡಿಹಾಕಿ, ತಿಂದದ್ದು ಕರಗುವ ತನಕ ಕೆಲವು ದಿನ ನಿಲ್ಲಿಸುತ್ತಾರೆ. ಅಷ್ಟು ದಿನ ಬಲೆ ಕಾಯಲು ಇಬ್ಬರಿದ್ದರೆ ಸಾಕು. ಮಿಕ್ಕವರು ದಡದಲ್ಲಿ ಕೂತು ಇಸ್ಪೀಟು ಆಡುತ್ತಾರೆ.

"ಈ ಸಲ ಇಸ್ಪೀಟಿಲ್ಲ," ಎಂದ ಐಲರ್ಟ್, ಗೋಡೆಯತ್ತ ನೋಡದೆ. "ಈ ನಿನ್ನ ಅಣ್ಣ ಹಗ್ಗ ಹಿಡಿಯುವ ಮೊದಲೇ ಷರತ್ತು ಹಾಕಿದ. ಅವನ ಪಾಲಿನ ಮೀನು ನಮಗೆ. ಮೀನು ನಿಂತಷ್ಟು ದಿನ ನಾವು ಅವನಿಗೆ. ನಡುನೀರಲ್ಲಿ ಬಲೆ ಅರ್ಧ ಬಿಟ್ಟಿರುವಾಗ ಷರತ್ತು ಹಾಕಿದರೆ ಒಪ್ಪದೆ ಎಂತ ಮಾಡುದು? ಕಳ್ಳ!"

"ಆವತ್ತೇ ನಿನಗೆ ಹೇಳ್ಲಿಕ್ಕೆ ಹೊರಟೆ," ಎಂದ ಟಾರಾಲ್ಡ್ ತಂಗಿಗೆ. "ನೀನು ಹೋಗು ಹೋಗು ಅಂತ ಕೂಗಿದಿ."

"ನಿನ್ನನ್ನು ಕಂಡ್ರೆ ಮತ್ತೆಂತ ಕೂಗ್ಬೇಕು ಮಾರಾಯ? ಇಷ್ಟು ವರ್ಷ ಒಂದೇ ಪಾಠ ಕಲಿಸಿದ್ದಿ!" ಬೈಯುತ್ತ ಬೈಯುತ್ತಲೇ ಅವಳ ದನಿ ಒಡೆಯಿತು. ಅದನ್ನು ಮುಚ್ಚಿಕೊಳ್ಳಲು ಹಗ್ಗವನ್ನು ಅವನ ಎದೆಗೆ ಎಸೆದಳು. "ಹಿಡಿ. ಗೀಟು ಹೆಚ್ಚಿರುವುದು ಕೆಳಗೆ. ಗೊತ್ತಾಯ್ತಲ್ಲ ಈಗ ಎಲ್ಲರಿಗೂ?"

ಟಾರಾಲ್ಡ್ ಹುಲ್ಲಿನ ಮೇಲೆ ಸಾಲಾಗಿ ಮಲಗಿದ್ದ ದಿಮ್ಮಿಗಳನ್ನೂ, ಅಡಿಗಲ್ಲಿನ ಮೇಲೆ ಕೂತಿದ್ದ ಸುತ್ತನ್ನೂ ನೋಡಿದ. "ಇದನ್ನು ಯಾರು ಕೂರಿಸಿದ್ದು?"

"ಬೆರೆಟಮ್ಮ," ಎಂದಳು ಗುರೋ. "ಇನ್ಯಾರು?"

ಐಲರ್ಟ್ ತಾನು ಕೆತ್ತಿ ಹಾಳು ಮಾಡಿದ ಕಚ್ಚುಗಳನ್ನು ತಾನೇ ಆರಿಸಿಕೊಂಡ. ಬಾಯಿಬಿಟ್ಟು ತಪ್ಪಾಯಿತು ಅನ್ನಲಿಲ್ಲ. ಪ್ರತಿಯೊಂದಕ್ಕೂ ಬೆಣೆ ಸೀಳಿ, ಸಂದಿಗೆ ಪಾಚಿ ಒತ್ತಿ, ಬೇರೆ ಯಾರಿಗೂ ಮುಟ್ಟಲು ಬಿಡದೆ ಸರಿಪಡಿಸಿದ. ಗೋಡೆ ಸೊಂಟ ದಾಟಿತು, ಎದೆ ದಾಟಿತು. ಟಾರಾಲ್ಡ್ ಮೇಲೆ ಕೂತು ದಿಮ್ಮಿ ಬರಮಾಡಿಕೊಳ್ಳುತ್ತಿದ್ದ. ಕಳಚುವಾಗ ತಡವರಿಸದ ಕೈ ಈಗ ಪ್ರತಿ ಮೂಲೆಯಲ್ಲೂ ನಿಂತು ಯೋಚಿಸುತ್ತಿತ್ತು. ಒಂದು ದಿಮ್ಮಿ ಸರಿಯಾಗಿ ಕೂತಾಗ ಎಳೆಯ ಹುಡುಗನಂತೆ ಕೆಳಗಿದ್ದವರ ಮುಖ ನೋಡುತ್ತಿದ್ದ.

"ಏನು ಮೊಟ್ಟೆ ಇಟ್ಟ ಕೋಳಿ ಹಾಗೆ ನೋಡ್ತಿ?" ಎಂದು ರಂಪಣಿಯ ಒಬ್ಬ ಛೇಡಿಸಿದ.

"ಮೊದಲ ಮೊಟ್ಟೆ ಮಾರಾಯ, ನೋಡದೆ ಇರ್ಲಿಕ್ಕೆ ಆಗ್ತದಾ?" ಎಂದ ಟಾರಾಲ್ಡ್.

ಮಾಡಿನ ನಡುತೊಲೆ ಏರಿದ ದಿನ ಸಾರಾಯಿ ಸಾಲಲಿಲ್ಲ. ಐಲರ್ಟ್ ತನ್ನದನ್ನು ತಂದ. ಮರುದಿನ ಮೀನು ಎತ್ತುವ ಹೊತ್ತಾಯಿತೆಂದು ಆಳುಗಳು ಹೊರಟುಹೋದರು. ಹೋಗುವ ಮೊದಲು ಭೂರ್ಜ ತೊಗಟೆಯನ್ನು ಮೇಲೆ ಹಾಸಿ, ಅರ್ಧಕ್ಕೆ ಹುಲ್ಲುಹೆಂಟೆ ಹೊದಿಸಿದ್ದರು. ಮಿಕ್ಕ ಅರ್ಧಕ್ಕೆ ತೊಗಟೆ ಹಾರದಂತೆ ಕಲ್ಲು ಹೇರಿ, ಅಣ್ಣತಂಗಿ ಜೌಗಿನ ಅಂಚಿನಿಂದ ಹೆಂಟೆ ಕೊಯ್ದು ಕೊಯ್ದು ಹೊತ್ತರು. ಕಿಟಕಿಗೆ ಗಾಜು ಇನ್ನೂ ಬಂದಿರಲಿಲ್ಲ. ಕುರಿಯ ತೊಗಲು ಬಿಗಿದರು. ಒಲೆಯನ್ನು ಗುರೋ ತಾನೇ ಕಟ್ಟಿದಳು, ಸೆಲ್ನೆಸ್‌ನ ಕಲ್ಲು, ಕೊಲ್ಲಿಯ ಜೇಡಿ. ಒಣಗಲು ಹೊತ್ತಿರಲಿಲ್ಲ. ಒದ್ದೆ ಒಲೆಗೆ ಬೆಂಕಿ ಹಚ್ಚಿದರೆ ಮನೆ ತುಂಬ ಹೊಗೆ ತುಂಬಿ ಇಬ್ಬರೂ ಕೆಮ್ಮುತ್ತ ಹೊರಗೋಡಿದರು. ಹೊರಗೆ ನಿಂತು ಕಣ್ಣೊರೆಸಿಕೊಂಡು ಮೇಲೆ ನೋಡಿದರೆ, ಹೊಗೆ ಮಾಡಿನ ಮೇಲೂ ಏಳುತ್ತಿತ್ತು, ಮೊದಲು ಕಪ್ಪಗೆ, ಆಮೇಲೆ ಬೆಳ್ಳಗೆ.

ಹೆಮ್ಮಿಂಗ್ ಒಡೆಯರು ತಮ್ಮ ಅಂಗಳದಲ್ಲಿ ನಿಂತು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದರಂತೆ. "ಎದ್ದಿತಲ್ಲ ಮಾರಾಯ್ತಿ, ನಿನ್ನ ಹುಡುಗಿಯ ಹೊಗೆ," ಎಂದು ಹೆಂಡತಿಗೆ ಹೇಳಿ, ಒಳಗೆ ಹೋಗಿ ಗೋಡೆಯ ಕೋಲಿನತ್ತ ನೋಡಿದರಂತೆ. ಅದು ಇನ್ನೂ ಬೇಸಿಗೆಯ ಮುಖದಲ್ಲೇ ಇತ್ತು. ವ್ಯಾಪಾರಿಗೆ ಬೇರೆ ಜಾಗ ನೋಡಿಕೊಳ್ಳಲು ಹೇಳಿ ಕಳಿಸಿದರು.

ಟಾರಾಲ್ಡ್ ಆ ಚಳಿಗಾಲ ಅಲ್ಲೇ ಇದ್ದ. ಒಳಗಿನ ನೆಲಕ್ಕೆ ಹಲಗೆ ಹಾಕಿದ, ಮಂಚ ಮಾಡಿದ, ಮೇಕೆಗಳಿಗೆ ಗೋಡೆ ಬದಿಗೆ ಇಳಿಜಾರು ಮಾಡು ಇಳಿಸಿದ. ವಸಂತ ಬಂದಾಗ ಕೊಲ್ಲಿಯ ಆಚೆಯವರು ಒಬ್ಬರು ಬಂದು, ತಮಗೂ ತುಂಡುಭೂಮಿ ಸಿಕ್ಕಿದೆ, ಮನೆ ಎತ್ತಿಕೊಡುತ್ತೀಯಾ ಎಂದು ಕೇಳಿದರು. ಅವನು ತಂಗಿಯ ಮುಖ ನೋಡಿದ.

"ಎತ್ತುದಾ, ಕಳಚುದಾ?" ಎಂದು ಕೇಳಿದಳು ಗುರೋ.

"ಎತ್ತುದು."

"ಹಾಗಾದ್ರೆ ಹೋಗು. ಬುತ್ತಿ ಕಟ್ಟಿಕೊಡ್ತೇನೆ."

ಅವನು ಹೋದ. ಅಂದು ರಾತ್ರಿ ಗುರೋ ತನ್ನ ಮನೆಯಲ್ಲಿ, ತನ್ನ ಮಾಡಿನ ಕೆಳಗೆ ಮಲಗಿದಳು. ಟಾರಾಲ್ಡ್ ತಂಗಿಗೆ ಕೊಟ್ಟ ಮಾತನ್ನು ನಡೆಸಿಕೊಟ್ಟಿದ್ದ.